ಪಾಪು ನಾಲಿಗೆಯಲ್ಲಿ ಬಿಳಿ, ಅಜ್ಜಿ ಅಂಗುಳಲ್ಲಿ ಕೆಂಪು: ಎರಡೂ ಒಂದೇ ಫಂಗಸ್ಸಾ?

ಬಾಣಂತಿ ಕೋಣೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಪಾಪು ತೊಡೆ ಮೇಲೆ ಮಲಗಿದೆ, ಒಂದೇ ಕೈಯಲ್ಲಿ ಟೈಪ್ ಮಾಡುತ್ತಿದ್ದೇನೆ.

ಬಾಣಂತನಕ್ಕೆ ತವರಿಗೆ ಬಂದಿದ್ದೇನೆ, ತೀರ್ಥಹಳ್ಳಿ ಹತ್ತಿರ. ಪಾಪುಗೆ ಈಗ ಏಳು ವಾರ. ಮೂರು ವಾರದ ಹಿಂದೆ ನಾಲಿಗೆ ಮೇಲೆ ಬಿಳಿ ಕಾಣಿಸಿತು. ಹಾಲು ಕುಡಿದ ಕರೆ ಇರಬೇಕು ಅಂತ ಸುಮ್ಮನಿದ್ದೆ. ಆಮೇಲೆ ಕೆನ್ನೆಯ ಒಳಗೂ ಬಂತು, ಮೊಸರು ಚುಕ್ಕೆ ಚುಕ್ಕೆಯಾಗಿ ಅಂಟಿಸಿದ ಹಾಗೆ. ಬೆರಳಿಗೆ ಒದ್ದೆ ಬಟ್ಟೆ ಸುತ್ತಿ ಒರೆಸಿದರೆ ಬರಲಿಲ್ಲ, ಸ್ವಲ್ಪ ಒತ್ತಿ ಒರೆಸಿದೆ, ಕೆಳಗೆ ಕೆಂಪಗೆ ಹಸಿ ಗಾಯದ ಥರ ಕಾಣಿಸಿತು, ಪಾಪು ಕಿರುಚಿದ್ದು ನೋಡಿ ನಾನೂ ಅತ್ತುಬಿಟ್ಟೆ. ಡಾಕ್ಟರ್ ನೋಡಿ ಇದು ಥ್ರಶ್, ಫಂಗಸ್ಸು, ಹೆದರಬೇಡಿ ಅಂತ ನಿಸ್ಟಾಟಿನ್ ಡ್ರಾಪ್ಸ್ ಬರೆದುಕೊಟ್ಟರು. ನಾಲ್ಕು ದಿನಕ್ಕೆ ಬಾಯಿ ಕ್ಲೀನ್. ನಾನು ನಿಲ್ಲಿಸಿದೆ. ವಾರ ಕಳೆಯುವುದರೊಳಗೆ ಮತ್ತೆ ಬಂತು.

ಇನ್ನು ಅಜ್ಜಿ ಕಥೆ. ಅಪ್ಪನ ಅಮ್ಮ, 78 ವರ್ಷ. ಹಲ್ಸೆಟ್ಟು ಹಾಕಿಸಿ ಹನ್ನೊಂದು ವರ್ಷ ಆಯಿತು. ಎರಡು ತಿಂಗಳಿಂದ ಸಾರು ಉಂಡರೆ ಬಾಯಿ ಉರಿ ಅನ್ನುತ್ತಾರೆ, ಎರಡೂ ಕಟವಾಯಿ ಸೀಳಿದೆ. ಒಂದು ಕಡೆ ತೋರಿಸಿದ್ದೆವು, ಬಿ ಕಾಂಪ್ಲೆಕ್ಸ್ ಮಾತ್ರೆ ಮತ್ತು ಹಚ್ಚುವುದಕ್ಕೆ ಏನೋ ಕೊಟ್ಟು ಕಳಿಸಿದರು. ಸೆಟ್ಟು ತೆಗೆಸಿ ನೋಡಲೇ ಇಲ್ಲ. ಮೊನ್ನೆ ನಾನೇ ತೆಗೆಸಿ ಟಾರ್ಚ್ ಹಾಕಿ ನೋಡಿದೆ. ಮೇಲಿನ ಅಂಗುಳು ಪೂರ್ತಿ ಕೆಂಪು, ಅದೂ ಹೇಗೆ ಅಂದರೆ ಸೆಟ್ಟಿನ ಅಂಚು ಎಲ್ಲಿ ಮುಗಿಯುತ್ತದೋ ಅಲ್ಲಿಗೇ ಗೆರೆ ಎಳೆದ ಹಾಗೆ ಕೆಂಪು ನಿಂತಿದೆ.

ಈಗ ಅಮ್ಮನ ವಾದ ಏನೆಂದರೆ ಅಜ್ಜಿಯಿಂದಲೇ ಪಾಪುಗೆ ಅಂಟಿದ್ದು. ಅಜ್ಜಿ ಪಾಪುಗೆ ಮುತ್ತು ಕೊಡುತ್ತಾರೆ, ಬೆರಳು ಚೀಪಿಸುತ್ತಾರೆ, ಅದೆಲ್ಲ ನಿಜ. ಆದರೆ ಒಂದು ವಾರದಿಂದ ಅಮ್ಮ ಅವರಿಗೆ ಮಗು ಕೊಡುತ್ತಿಲ್ಲ. ಅಜ್ಜಿ ಜಗಲಿಯಲ್ಲಿ ಮುಖ ಊದಿಸಿಕೊಂಡು ಕೂತಿದ್ದಾರೆ. ಅತ್ತೆ ಸೊಸೆಯ ಹಳೇ ಲೆಕ್ಕಗಳೂ ಇದರಲ್ಲಿ ಸೇರಿವೆ, ಅದು ಬಿಡಿ.

ಇಷ್ಟು ಸಾಲದು ಅಂತ ಅಪ್ಪನ ನಾಲಿಗೆಯೂ ಬೆಳ್ಳಗಿದೆ (ಉಬ್ಬಸಕ್ಕೆ ಇನ್ಹೇಲರ್ ತಗೊಳ್ಳುತ್ತಾರೆ), ಅಣ್ಣನ ನಾಲ್ಕು ವರ್ಷದ ಮಗನ ಮುಂದಿನ ಹಲ್ಲು ನಾಲ್ಕೂ ಕಪ್ಪಾಗಿ ಕರಗಿವೆ. ಮನೆಯವರ ಬಾಯೆಲ್ಲ ಒಟ್ಟಿಗೆ ಕೆಟ್ಟ ಹಾಗಿದೆ. ಇದೆಲ್ಲ ಒಂದೇ ಫಂಗಸ್ಸಾ? ಹೋದದ್ದು ಮತ್ತೆ ಯಾಕೆ ಬರುತ್ತದೆ? ಅಜ್ಜಿಯನ್ನು ದೂರ ಇಡಬೇಕಾ? 2021ರಲ್ಲಿ ಬಂದಿತ್ತಲ್ಲ ಬ್ಲ್ಯಾಕ್ ಫಂಗಸ್, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ತಾನೇ?

ಸರೋಜಕ್ಕ:

ಕೂಸಿಗೆ ಅಗ್ರ ಆಗಿದೆ ಅಷ್ಟೇ ಕಣಮ್ಮ, ಎಲ್ಲ ಮಕ್ಕಳಿಗೂ ಆಗುತ್ತದೆ. ಇದಕ್ಕೆಲ್ಲ ಯಾಕೆ ಇಂಗ್ಲಿಷ್ ಔಷಧಿ? ಬಿಳಿಗಾರ ಹುರಿದು ಪುಡಿ ಮಾಡಿ ಜೇನುತುಪ್ಪದಲ್ಲಿ ಕಲಸಿ ನಾಲಿಗೆಗೆ ಸವರು, ಮೂರು ದಿನದಲ್ಲಿ ಮಾಯ. ನನ್ನ ಮೂರು ಮಕ್ಕಳಿಗೂ ಹೀಗೇ ಮಾಡಿದ್ದು, ಈಗ ಅವರೆಲ್ಲ ನನಗಿಂತ ಎತ್ತರ ಇದ್ದಾರೆ. ಅಜ್ಜಿಗೆ ದೃಷ್ಟಿ ತೆಗಿ.

ಗಿರ್ಮಿಟ್:

ಸರೋಜಕ್ಕ, ದೃಷ್ಟಿ ತೆಗೆಯುವುದಕ್ಕೆ ನನ್ನ ತಕರಾರಿಲ್ಲ. ಬಿಳಿಗಾರ, ಜೇನುತುಪ್ಪ ಎರಡೂ ಬೇಡವೇ ಬೇಡ. ಬಿಳಿಗಾರ ಅಂದರೆ ಬೋರಾಕ್ಸ್. ಅದನ್ನು ಜೇನಿನಲ್ಲಿ ಕಲಸಿ ಚೀಪಿಸಿದ್ದರಿಂದ ಹಸುಗೂಸುಗಳಿಗೆ ವಿಷ ಏರಿ ಫಿಟ್ಸ್ ಬಂದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ 1970, 80ರ ದಶಕದಲ್ಲೇ ದಾಖಲಾಗಿವೆ. ಜೇನು ಒಂದು ವರ್ಷ ತುಂಬುವ ತನಕ ಕೊಡಲೇಬಾರದು, ಅದರಲ್ಲಿ ಬಾಟ್ಯುಲಿಸಂ ಅನ್ನುವ ವಿಷರೋಗದ ಬೀಜಾಣು ಇರಬಹುದು. ನಿಮ್ಮ ಮಕ್ಕಳು ಚೆನ್ನಾಗಿ ಬೆಳೆದದ್ದು ಸಂತೋಷ, ಆದರೆ ಅದು ಬಿಳಿಗಾರದಿಂದ ಅಲ್ಲ, ಬಿಳಿಗಾರದ ಹೊರತಾಗಿಯೂ ಬೆಳೆದರು.

ಬಾಣಂತಿ ಕೋಣೆಯವರೇ, ನಾನು ಹುಬ್ಬಳ್ಳಿಯಲ್ಲಿ ಹಲ್ಲಿನ ಡಾಕ್ಟರ್, ಹೆಸರು ನೋಡಿದರೆ ಗೊತ್ತಾಗಬೇಕು. ತಿನ್ನುವ ಗಿರ್ಮಿಟ್ಟೂ ಹೌದು, ಕೊರೆಯುವ ಗಿರ್ಮಿಟ್ಟೂ ಹೌದು.

ಮೊದಲು ನೇರ ಉತ್ತರ. ಪಾಪು, ಅಜ್ಜಿ, ಅಪ್ಪ ಮೂವರ ಬಾಯಲ್ಲೂ ಇರುವುದು ಕ್ಯಾಂಡಿಡಾ ಎಂಬ ಯೀಸ್ಟ್ ಆಗಿರುವ ಸಾಧ್ಯತೆ ಜಾಸ್ತಿ. ಆದರೆ ಅಜ್ಜಿಯಿಂದ ಪಾಪುಗೆ ಬಂತು ಅಂತ ತೀರ್ಪು ಕೊಡಲು ಆಗುವುದಿಲ್ಲ. ಮಕ್ಕಳಿಗೆ ಇದು ಸಾಮಾನ್ಯವಾಗಿ ಹೆರಿಗೆ ಸಮಯದಲ್ಲಿ ತಾಯಿಯಿಂದಲೇ ಬರುತ್ತದೆ, ಇಲ್ಲ ಮೊಲೆತೊಟ್ಟಿನಿಂದ, ಎತ್ತಿಕೊಳ್ಳುವವರ ಕೈಯಿಂದ. ಅಂದರೆ ಆರೋಪಿಗಳ ಸಾಲಿನಲ್ಲಿ ಮೊದಲು ನಿಲ್ಲಬೇಕಾದವರು ನೀವು! ಇದನ್ನು ನಿಮ್ಮ ಅಮ್ಮನಿಗೆ ಓದಿ ಹೇಳಿ. ದೊಡ್ಡವರಲ್ಲಿ ಏನೂ ಕಾಯಿಲೆ ಇಲ್ಲದೆ ಆರಾಮಾಗಿ ಇರುವವರ ಬಾಯಿ ಪರೀಕ್ಷೆ ಮಾಡಿದರೂ ಮೂವರಲ್ಲಿ ಒಬ್ಬರ, ಕೆಲವು ಕಡೆ ಅರ್ಧದಷ್ಟು ಜನರ ಬಾಯಲ್ಲಿ ಇದು ಸಿಗುತ್ತದೆ. ಸುಮ್ನೆ ಇರುತ್ತದೆ, ತೊಂದರೆ ಕೊಡುವುದಿಲ್ಲ. ಬಾಡಿಗೆದಾರ ಅಂದುಕೊಳ್ಳಿ.

ಹಾಗಾದರೆ ಕೂಸಿಗೂ ಮುದುಕರಿಗೂ ಮಾತ್ರ ಯಾಕೆ ಕಾಡುತ್ತದೆ? ನಮ್ಮ ಬಾಯಿ ಕಾಯುವುದು ಎಂಜಲು. ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರ್ ತನಕ ಎಂಜಲು ಬರುತ್ತದೆ, ಅದು ಬಾಯಿಯನ್ನು ತೊಳೆಯುತ್ತಾ ಇರುತ್ತದೆ, ಜೊತೆಗೆ ಅದರಲ್ಲಿ ಹಿಸ್ಟಾಟಿನ್ ಎಂಬ ಚಿಕ್ಕ ಪ್ರೋಟೀನು ಇದೆ, ಅದು ಯೀಸ್ಟನ್ನು ಕೊಲ್ಲುತ್ತದೆ. ಏಳು ವಾರದ ಕೂಸಿಗೆ ಇನ್ನೂ ಜೊಲ್ಲು ಸುರಿಯುವ ವಯಸ್ಸಲ್ಲ, ರೋಗ ತಡೆಯುವ ಶಕ್ತಿ ಇನ್ನೂ ಪಾಠ ಕಲಿಯುತ್ತಿದೆ, ಬಾಯಲ್ಲಿ ಯೀಸ್ಟಿಗೆ ಎದುರು ನಿಲ್ಲುವ ಬ್ಯಾಕ್ಟೀರಿಯಾಗಳೂ ಇನ್ನೂ ಪೂರ್ತಿ ಬಂದು ನೆಲೆಸಿಲ್ಲ. ಜಾಗ ಖಾಲಿ, ಕಾವಲು ಕಡಿಮೆ.

ಅಜ್ಜಿಯ ಕಥೆ ಬೇರೆ. ನೀವು ಟಾರ್ಚ್ ಹಾಕಿ ನೋಡಿದಿರಲ್ಲ, ಸೆಟ್ಟಿನ ಅಂಚಿಗೇ ಕೆಂಪು ನಿಂತಿದೆ ಅಂತ, ಭೇಷ್. ಎಷ್ಟೋ ಕಡೆ ಅಷ್ಟೂ ನೋಡುವುದಿಲ್ಲ. ಇದಕ್ಕೆ ಡೆಂಚರ್ ಸ್ಟೊಮಟೈಟಿಸ್ ಅನ್ನುತ್ತೇವೆ. ಮೇಲಿನ ಸೆಟ್ಟು ಅಂಗುಳಿಗೆ ಒತ್ತಿ ಕೂರುತ್ತದೆ, ಅದರಡಿ ಎಂಜಲು ಹೋಗುವುದಿಲ್ಲ. ಬೆಚ್ಚಗೆ, ಗಾಳಿ ಕಡಿಮೆ, ಸ್ವಲ್ಪ ಹುಳಿ. ಅದಕ್ಕೇ ಕೆಳಗಿನ ಸೆಟ್ಟಿನ ಅಡಿ ಇದು ಅಷ್ಟಾಗಿ ಬರುವುದಿಲ್ಲ. ಇನ್ನು ಸೆಟ್ಟು ಮಾಡುವ ಅಕ್ರಿಲಿಕ್ ಕಣ್ಣಿಗೆ ನುಣ್ಣಗೆ ಕಂಡರೂ ಒಳಗೆ ಸಣ್ಣ ಸಣ್ಣ ತೂತು, ಹನ್ನೊಂದು ವರ್ಷದಲ್ಲಿ ಗೀರು ಬೇರೆ. ರೋಗ ಅಂಗುಳಲ್ಲಿ ಕಾಣುತ್ತದೆ ಆದರೆ ಅದರ ಮನೆ ಇರುವುದು ಪ್ಲಾಸ್ಟಿಕ್ಕಿನಲ್ಲಿ. ಅಂಗುಳಿಗೆ ಎಷ್ಟು ಔಷಧಿ ಹಚ್ಚಿದರೂ ಸೆಟ್ಟು ಶುದ್ಧ ಮಾಡದಿದ್ದರೆ ರಾತ್ರಿ ಕಳೆದು ಬೆಳಗಾಗುವುದರೊಳಗೆ ಮತ್ತೆ ಅಲ್ಲಿಂದಲೇ ಇಳಿಯುತ್ತದೆ.

ಎರಡು ಪ್ರಶ್ನೆ. ಅಜ್ಜಿ ರಾತ್ರಿ ಸೆಟ್ಟು ತೆಗೆದು ಮಲಗುತ್ತಾರಾ? ಎಲೆ ಅಡಿಕೆ, ಹೊಗೆಸೊಪ್ಪು ಹಾಕುತ್ತಾರಾ? ಎರಡನೆಯದು ಯಾಕೆ ಕೇಳಿದೆ ಅಂದರೆ ಎಲೆ ಅಡಿಕೆ ಬಾಯಲ್ಲಿ ಒರೆಸಿದರೂ ಹೋಗದ ಬಿಳಿ ಪಟ್ಟೆಯೋ ಕೆಂಪು ಪಟ್ಟೆಯೋ ಎರಡು ವಾರ ಮೀರಿ ಉಳಿದರೆ ಅದನ್ನು ಫಂಗಸ್ ಅಂತ ತಳ್ಳಿಹಾಕಬಾರದು, ಬಾಯಿ ನೋಡುವವರಿಗೆ ತೋರಿಸಲೇಬೇಕು.

ಬ್ಲ್ಯಾಕ್ ಫಂಗಸ್ ಇದಲ್ಲ. ಅದು ಮ್ಯೂಕರ್, ಮಣ್ಣು ಗಾಳಿಯಿಂದ ಮೂಗಿಗೆ ಬರುವ ಬೂಷ್ಟು. ಎರಡಕ್ಕೂ ಸಕ್ಕರೆ ಕಾಯಿಲೆ, ಸ್ಟೀರಾಯ್ಡ್ ಅಂದರೆ ಇಷ್ಟ ಅನ್ನುವುದು ಬಿಟ್ಟರೆ ನೆಂಟಸ್ತಿಕೆ ಇಲ್ಲ. ಅಂಗುಳು ಕಪ್ಪಾಗುವುದು, ಮುಖದ ಒಂದು ಕಡೆ ಊತ ನೋವು, ಇದ್ದರೆ ಮಾತ್ರ ಆಸ್ಪತ್ರೆಗೆ ಓಡಬೇಕು. ನಿಮ್ಮಲ್ಲಿ ಅದಿಲ್ಲ.

ಸ್ಲೈಡು ಕವರ್‌ಸ್ಲಿಪ್ಪು:

ಗಿರ್ಮಿಟ್ ಸರ್ ಚೆನ್ನಾಗಿ ಹೇಳಿದರು, ಮತ್ತೆ ಮತ್ತೆ ಯಾಕೆ ಬರುತ್ತದೆ ಅನ್ನುವುದಕ್ಕೆ ಲ್ಯಾಬ್ ಕಡೆಯಿಂದ ನಾನು ಸ್ವಲ್ಪ ಸೇರಿಸುತ್ತೇನೆ. ನಾನು ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್, ಈ ಪ್ರಾಣಿಯನ್ನು ದಿನಾ ನೋಡುತ್ತೇನೆ.

ಬಾಯಿಂದ ಸ್ವಾಬ್ ತೆಗೆದು ಸಬುರೋ ಅಗರ್ ಅಂತ ಫಂಗಸ್ ಬೆಳೆಸುವ ತಟ್ಟೆಗೆ ಹಚ್ಚಿ ಒಂದೆರಡು ದಿನ ಇಟ್ಟರೆ ಕೆನೆ ಬಣ್ಣದ ಗುಂಡಗಿನ ಚುಕ್ಕೆಗಳು ಏಳುತ್ತವೆ. ಮುಚ್ಚಳ ತೆಗೆದರೆ ಬೇಕರಿ ವಾಸನೆ, ನಿಜವಾಗಲೂ, ಬನ್ನಿನ ಹಿಟ್ಟು ಹುದುಗಿದ ವಾಸನೆ. ಅದರಿಂದ ಒಂದು ಚೂರು ತೆಗೆದು ಮನುಷ್ಯರ ಸೀರಂನಲ್ಲಿ, ಅಂದರೆ ರಕ್ತದ ತಿಳಿಯಲ್ಲಿ, ಕಲಸಿ 37 ಡಿಗ್ರಿಯಲ್ಲಿ ಎರಡೂವರೆ ಗಂಟೆ ಬಿಡುತ್ತೇವೆ. ಆಮೇಲೆ ಒಂದು ಹನಿ ಸ್ಲೈಡಿಗೆ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಇಟ್ಟಾಗ ರಾಗಿ ಕಾಳಿನ ಹಾಗೆ ಗುಂಡಗಿದ್ದವು, ಈಗ ಒಂದೊಂದಕ್ಕೂ ಬಾಲ ಬಂದಿರುತ್ತದೆ, ಮೊಳಕೆ ಕಟ್ಟಿದ ಹೆಸರುಕಾಳಿನ ಹಾಗೆ. ಜರ್ಮ್ ಟ್ಯೂಬ್ ಅನ್ನುತ್ತೇವೆ. ಬಾಲ ಬಂತು ಅಂದರೆ ಹೆಚ್ಚುಕಡಿಮೆ ಕ್ಯಾಂಡಿಡಾ ಆಲ್ಬಿಕನ್ಸ್ ಅಂತ ರಿಪೋರ್ಟ್ ಬರೆಯಬಹುದು. ಲ್ಯಾಟಿನ್‌ನಲ್ಲಿ ಕ್ಯಾಂಡಿಡಾ ಅಂದರೂ ಬಿಳಿ, ಆಲ್ಬಿಕನ್ಸ್ ಅಂದರೂ ಬೆಳ್ಳಗಾಗುವುದು. ಹೆಸರಿಟ್ಟವರಿಗೆ ಒಂದು ಸಲ ಹೇಳಿದ್ದು ಸಾಕಾಗಲಿಲ್ಲ ಅನ್ನಿಸುತ್ತದೆ.

ಈ ಬಾಲವೇ ತೊಂದರೆಯ ಮೂಲ. ಗುಂಡಗಿರುವಾಗ ಅದು ಎಂಜಲಲ್ಲಿ ತೇಲಿ ಹೊಟ್ಟೆಗೆ ಹೋಗುತ್ತದೆ. ಎಲ್ಲಾದರೂ ಕೂರಲು ಜಾಗ ಸಿಕ್ಕಿದರೆ, ಅದು ಕೆನ್ನೆ ಚರ್ಮ ಇರಲಿ, ಬಾಟಲಿ ನಿಪ್ಪಲ್ಲಿನ ಸಿಲಿಕಾನ್ ಇರಲಿ, ಹಲ್ಸೆಟ್ಟಿನ ಅಕ್ರಿಲಿಕ್ ಇರಲಿ, ಮೊದಲು ಅಂಟಿಕೊಳ್ಳುತ್ತದೆ, ಆಮೇಲೆ ಮರಿ ಹಾಕುತ್ತದೆ, ಆಮೇಲೆ ಬಾಲ ಬಿಟ್ಟು ಒಂದಕ್ಕೊಂದು ಹೆಣೆದುಕೊಂಡು ಚಾಪೆಯಾಗುತ್ತದೆ, ಕೊನೆಗೆ ಮೇಲೆ ಅಂಟಿನಂಥ ಲೋಳೆ ಸುರಿಸಿಕೊಂಡು ಒಳಗೆ ಕೂರುತ್ತದೆ. ಒಂದೆರಡು ದಿನದಲ್ಲಿ ಇಷ್ಟೂ ಮುಗಿಯುತ್ತದೆ. ಇದಕ್ಕೇ ಬಯೋಫಿಲ್ಮ್ ಅನ್ನುವುದು. ನಿಮ್ಮ ಬಚ್ಚಲಿನ ನೀರಿನ ತೊಟ್ಟಿಯ ಒಳಗೋಡೆ ಬೆರಳಲ್ಲಿ ಸವರಿ ನೋಡಿ, ಜಾರುತ್ತದಲ್ಲ, ಅದೂ ಬಯೋಫಿಲ್ಮೇ. ನೀರು ಸುರಿದರೆ ಅದು ಹೋಗುವುದಿಲ್ಲ, ತೆಂಗಿನ ನಾರು ಹಾಕಿ ಉಜ್ಜಬೇಕು ಅಲ್ವಾ? ಇಲ್ಲೂ ಹಾಗೇ.

ಆ ಲೋಳೆಯಲ್ಲಿ ಗ್ಲುಕಾನ್ ಅಂತ ಒಂದು ಸಕ್ಕರೆ ಸರಪಳಿ ಇದೆ. ಫ್ಲುಕೋನಜೋಲ್ ಅನ್ನುವ ಫಂಗಸ್ ಮಾತ್ರೆ ನುಂಗಿದರೆ ಔಷಧಿ ಅಲ್ಲಿಗೆ ಬರುತ್ತದೆ, ಆದರೆ ಗ್ಲುಕಾನ್ ಅದನ್ನು ಬಾಗಿಲಲ್ಲೇ ಹಿಡಿದಿಡುತ್ತದೆ, ಒಳಗಿರುವವಕ್ಕೆ ತಲುಪುವುದೇ ಇಲ್ಲ. ತೇಲುವ ಯೀಸ್ಟು ಸಾಯುವ ಪ್ರಮಾಣದ ಔಷಧಿಗೆ ಚಾಪೆಯೊಳಗಿನದು ಕ್ಯಾರೇ ಅನ್ನುವುದಿಲ್ಲ. ಮೇಲಿನದು ಸತ್ತು ಬಿಳಿ ಮಾಯವಾಯಿತು ಅಂತ ನಾವು ಔಷಧಿ ನಿಲ್ಲಿಸಿದರೆ ಅಡಿಯಲ್ಲಿ ಉಳಿದದ್ದು ಮತ್ತೆ ಬೆಳೆಯುತ್ತದೆ. ಪಾಪುಗೆ ಆದದ್ದು ಬಹುಶಃ ಇದೇ. ಬಿಳಿ ಹೋದ ಮೇಲೂ ಎರಡು ದಿನ ನಿಸ್ಟಾಟಿನ್ ಹಾಕಬೇಕು ಅಂತ ಹೇಳುವುದು ಇದಕ್ಕೆ. ಹಾಲು ಕುಡಿಸಿದ ಮೇಲೆ ಹಾಕಿ, ಮೊದಲು ಹಾಕಿದರೆ ಹಾಲಿನ ಜೊತೆ ಹೋಗುತ್ತದೆ. ನಿಸ್ಟಾಟಿನ್ ಹೊಟ್ಟೆಗೆ ಹೋದರೂ ಮೈಗೆ ಇಳಿಯುವುದಿಲ್ಲ, ತಾಗಿದ ಕಡೆ ಮಾತ್ರ ಕೆಲಸ. ಹಾಗಾಗಿ ಬಿಳಿ ಇರುವ ಕಡೆಗೆಲ್ಲ ತಾಗಿಸಬೇಕು, ನಾಲಿಗೆ ನಡುವೆ ಒಂದು ಹನಿ ಬಿಟ್ಟು ಕೈತೊಳೆದುಕೊಂಡರೆ ಆಗಲಿಲ್ಲ.

ಸುಮ್ನೆ ಒಂದು ವಿಷಯ: ಈ ನಿಸ್ಟಾಟಿನ್ ಕಂಡುಹಿಡಿದದ್ದು ಇಬ್ಬರು ಹೆಂಗಸರು, ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್, 1950ರಲ್ಲಿ ಜಗತ್ತಿಗೆ ತಿಳಿಸಿದರು. ಒಬ್ಬರು ನ್ಯೂಯಾರ್ಕ್ ನಗರದಲ್ಲಿ, ಇನ್ನೊಬ್ಬರು ಆಲ್ಬನಿಯಲ್ಲಿ. ಮಣ್ಣಿನಿಂದ ಬೆಳೆಸಿದ್ದನ್ನು ಬಾಟಲಿಯಲ್ಲಿ ಹಾಕಿ ಅಂಚೆಯಲ್ಲಿ ಕಳಿಸಿಕೊಳ್ಳುತ್ತಿದ್ದರು. ನ್ಯೂಯಾರ್ಕ್ ಸ್ಟೇಟ್ ಅನ್ನುವುದನ್ನೇ ಕುಗ್ಗಿಸಿ ನಿಸ್ಟಾಟಿನ್ ಅಂತ ಹೆಸರಿಟ್ಟರು. ಔಷಧಿ ಬಾಟಲಿ ನೋಡಿದಾಗಲೆಲ್ಲ ನನಗೆ ಆ ಅಂಚೆ ಡಬ್ಬ ನೆನಪಾಗುತ್ತದೆ.

ಇನ್ನೊಂದು. ಓದುವಾಗ ನಮ್ಮ ಮೇಡಂ ಒಂದು ಹಳೇ ಹಲ್ಸೆಟ್ಟಿನ ಚೂರನ್ನು ಯೀಸ್ಟ್ ಇರುವ ದ್ರವದಲ್ಲಿ ಎರಡು ದಿನ ಮುಳುಗಿಸಿಟ್ಟರು. ತೆಗೆದಾಗ ಏನೂ ಕಾಣಲಿಲ್ಲ, ಸ್ವಲ್ಪ ಮಂಕು ಅಷ್ಟೇ. ನಲ್ಲಿ ಕೆಳಗೆ ತೊಳೆದರು. ಆಮೇಲೆ ಕ್ರಿಸ್ಟಲ್ ವಯಲೆಟ್ ಬಣ್ಣ ಹಾಕಿ ಮತ್ತೆ ತೊಳೆದರು. ಅಬ್ಬಾ, ಹೊಳೆಯುವ ಕಡೆ ತಿಳಿ ನೇರಳೆ, ಗೀರಿರುವ ಕಡೆಯೆಲ್ಲ ಕಡು ನೇರಳೆ, ಗೀರು ಗೀರಾಗಿ ನಕ್ಷೆ ಬರೆದ ಹಾಗೆ. ತೊಳೆದರೂ ಅಷ್ಟು ಉಳಿದಿತ್ತು. ನಮ್ಮ ಚಿಕ್ಕಂದಿನಲ್ಲಿ ಬಾಯಿಗೆ ಹಚ್ಚುತ್ತಿದ್ದ ನೇರಳೆ ಔಷಧಿ ನೆನಪಿದೆಯಾ, ಜೆನ್ಷಿಯನ್ ವಯಲೆಟ್, ಅದೂ ಹೆಚ್ಚುಕಡಿಮೆ ಇದೇ ಬಣ್ಣ.

ಮುದುಕರ ಬಾಯಲ್ಲಿ ಆಲ್ಬಿಕನ್ಸ್ ಜೊತೆ ಗ್ಲಾಬ್ರಾಟಾ ಅನ್ನುವ ಇನ್ನೊಂದು ಯೀಸ್ಟೂ ಜಾಸ್ತಿ ಸಿಗುತ್ತದೆ. ಅದಕ್ಕೆ ಬಾಲ ಬರುವುದಿಲ್ಲ, ಆದರೆ ಫ್ಲುಕೋನಜೋಲಿಗೆ ಸುಲಭಕ್ಕೆ ಬಗ್ಗುವುದಿಲ್ಲ. ಔಷಧಿ ಸರಿಯಾಗಿ ತಗೊಂಡರೂ ಅಜ್ಜಿಗೆ ವಾಸಿಯಾಗದಿದ್ದರೆ ಸ್ವಾಬ್ ಕಳಿಸಿ ಅಂತ ಡಾಕ್ಟರಿಗೆ ಕೇಳಿ.

ಉಬ್ಬಸದ ಮಾಸ್ತರು:

ನಾನು ಡಾಕ್ಟರಲ್ಲ, ಹೈಸ್ಕೂಲ್ ಮಾಸ್ತರು. ಹದಿನಾಲ್ಕು ವರ್ಷದಿಂದ ಇನ್ಹೇಲರ್ ಗಿರಾಕಿ. ನಿಮ್ಮ ತಂದೆಯವರಿಗೆ ಆದದ್ದು ನನಗೂ ಆಗಿತ್ತು. ನಾಲಿಗೆ ಸುಣ್ಣ ಬಳಿದ ಹಾಗೆ, ಧ್ವನಿ ಒಡೆದು ಕ್ಲಾಸಿನಲ್ಲಿ ಹುಡುಗರು ನಗುತ್ತಿದ್ದರು. ಇನ್ಹೇಲರಿನ ಸ್ಟೀರಾಯ್ಡ್ ಪೂರ್ತಿ ಶ್ವಾಸಕೋಶಕ್ಕೆ ಹೋಗುವುದಿಲ್ಲ, ತುಂಬಾ ಭಾಗ ಬಾಯಿ ಗಂಟಲಲ್ಲೇ ಕೂರುತ್ತದೆ, ಅಲ್ಲಿ ಕಾವಲು ಸಡಿಲವಾಗುತ್ತದೆ ಅಂತ ನಮ್ಮ ಡಾಕ್ಟರ್ ಹೇಳಿದರು. ಮಾಡಬೇಕಾದ್ದು ಎರಡೇ. ಎಳೆದ ತಕ್ಷಣ ನೀರಲ್ಲಿ ಬಾಯಿ ಮುಕ್ಕಳಿಸಿ ಗಳಗಳ ಮಾಡಿ ಉಗಿಯುವುದು, ನುಂಗುವುದಲ್ಲ. ಮತ್ತೆ ಸ್ಪೇಸರ್ ಅಂತ ಪ್ಲಾಸ್ಟಿಕ್ ಡಬ್ಬ ಸಿಗುತ್ತದೆ, ಪಂಪ್ ಇನ್ಹೇಲರ್ ಆದರೆ ಅದನ್ನು ಸಿಕ್ಕಿಸಿ ಎಳೆಯುವುದು. ನಾನು ಹಲ್ಲುಜ್ಜುವ ಮೊದಲು ಇನ್ಹೇಲರ್ ತಗೊಳ್ಳುತ್ತೇನೆ, ಬ್ರಷ್ ಪಕ್ಕದಲ್ಲೇ ಇಟ್ಟಿದ್ದೇನೆ, ಮರೆಯುವ ಮಾತೇ ಇಲ್ಲ. ಬಾಯಿ ಬಿಳಿಯಾಯಿತು ಅಂತ ಇನ್ಹೇಲರ್ ಬಿಟ್ಟುಬಿಡಬೇಡಿ ಅಂತ ಹೇಳಿ ಅವರಿಗೆ, ನಾನು ಒಂದು ಸಲ ಬಿಟ್ಟು ರಾತ್ರಿ ಎರಡು ಗಂಟೆಗೆ ಪಕ್ಕದ ಮನೆಯವರ ಕಾರು ಹತ್ತಿದ್ದೇನೆ.

ಒಂದು ಅನುಮಾನ, ಬ್ರೆಡ್ಡು, ದೋಸೆ ಹಿಟ್ಟು ಇದರಲ್ಲೂ ಯೀಸ್ಟ್ ಇದೆಯಲ್ಲ, ಅದನ್ನು ತಿಂದರೆ ಜಾಸ್ತಿಯಾಗುತ್ತದಾ? ಮನೆಯಲ್ಲಿ ನನಗೆ ಮೂರು ವಾರ ದೋಸೆ ಬಂದ್ ಮಾಡಿದ್ದರು.

ಸ್ಲೈಡು ಕವರ್‌ಸ್ಲಿಪ್ಪು:

ಮಾಸ್ತರೇ, ಮೂರು ವಾರದ ದೋಸೆ ಬಡ್ಡಿ ಸಮೇತ ವಸೂಲಿ ಮಾಡಿ. ಬ್ರೆಡ್ಡಿನ ಯೀಸ್ಟ್ ಬೇರೆ ಜಾತಿ, ದೋಸೆ ಹಿಟ್ಟು ಉಬ್ಬುವುದು ಮುಖ್ಯವಾಗಿ ಬ್ಯಾಕ್ಟೀರಿಯಾದಿಂದ, ಎರಡೂ ಹೆಂಚಿನ ಮೇಲೆ, ಓವನ್ನಿನಲ್ಲಿ ಸತ್ತು ಹೋಗಿರುತ್ತವೆ. ಸಕ್ಕರೆ ಮಾತ್ರ ನಿಜವಾದ ಮೇವು.

ಬಾಣಂತಿ ಕೋಣೆ:

ಅಯ್ಯೋ ಇಷ್ಟು ಉತ್ತರ! ಎಲ್ಲರಿಗೂ ಥ್ಯಾಂಕ್ಸ್. ಗಿರ್ಮಿಟ್ ಸರ್, ನಿಮ್ಮ ಪ್ರಶ್ನೆಗೆ ಉತ್ತರ. ಅಜ್ಜಿ ಸೆಟ್ಟು ರಾತ್ರಿ ತೆಗೆಯುವುದಿಲ್ಲ. ಕೇಳಿದರೆ, ಬೊಚ್ಚು ಬಾಯಲ್ಲಿ ಸತ್ತರೆ ಜನ ನೋಡಿ ನಗುವುದಿಲ್ಲವಾ ಅಂದರು. ಹನ್ನೊಂದು ವರ್ಷದಿಂದ ಹಾಗೇ ಮಲಗುತ್ತಿದ್ದಾರಂತೆ. ಬೆಳಗ್ಗೆ ಒಂದು ಸಲ ಹಲ್ಲುಪುಡಿ ಹಾಕಿ ಉಜ್ಜುತ್ತಾರೆ. ಎಲೆ ಅಡಿಕೆ ಹಾಕುತ್ತಾರೆ, ಕುಟ್ಟಿಕೊಂಡು, ಹೊಗೆಸೊಪ್ಪು ಇಲ್ಲ. ಶುಗರ್ ಇದೆ, ಗ್ಲಿಮೆಪಿರೈಡ್ ಮಾತ್ರೆ ತಗೊಳ್ಳುತ್ತಾರೆ, ಕೊನೆಗೆ ಟೆಸ್ಟ್ ಮಾಡಿಸಿದ್ದು ಯಾವಾಗ ಅಂತ ಮನೆಯಲ್ಲಿ ಯಾರಿಗೂ ನೆನಪಿಲ್ಲ, ನಾಚಿಕೆಯಾಯಿತು. ಅಣ್ಣನ ಮಗ ರಾತ್ರಿ ಹಾಲಿನ ಬಾಟಲಿ ಬಾಯಲ್ಲಿ ಇಟ್ಟುಕೊಂಡೇ ಮಲಗುವುದು, ಸಕ್ಕರೆ ಹಾಕಿದ ಹಾಲು.

ಗಿರ್ಮಿಟ್:

ಅಲ್ಲಿಗೆ ಎಲ್ಲ ಸಿಕ್ಕಿತು.

ಅಜ್ಜಿ ಮೊದಲು. ಶುಗರ್ ಟೆಸ್ಟ್ ನಾಳೆಯೇ ಮಾಡಿಸಿ. ರಕ್ತದಲ್ಲಿ ಸಕ್ಕರೆ ಏರಿದರೆ ಎಂಜಲಲ್ಲೂ ಏರುತ್ತದೆ, ಬಾಯಿಯೂ ಒಣಗುತ್ತದೆ, ಯೀಸ್ಟಿಗೆ ಮದುವೆ ಊಟ. ಐಸಿಎಂಆರ್ 2023ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿ ದಾಟಿದ್ದಾರೆ, ಹಲ್ಸೆಟ್ಟಿನ ಅಡಿ ಕೆಂಪಾಗಿರುವ ಅಜ್ಜಿಯರು ಎಷ್ಟು ಜನರೋ ನೀವೇ ಯೋಚನೆ ಮಾಡಿ. ಇನ್ನೊಂದು ಮುಖ್ಯ ಮಾತು, ಗ್ಲಿಮೆಪಿರೈಡ್ ಜೊತೆ ಫ್ಲುಕೋನಜೋಲ್ ಸೇರಿದರೆ ಸಕ್ಕರೆ ಇದ್ದಕ್ಕಿದ್ದ ಹಾಗೆ ಇಳಿಯಬಹುದು. ಅಂಗಡಿಯಲ್ಲಿ ಫಂಗಸ್ ಮಾತ್ರೆ ಕೊಡಿ ಅಂತ ಕೇಳಿ ತಂದು ನುಂಗಿಸಬೇಡಿ. ರಕ್ತ ತೆಳುವಾಗಿಸುವ ವಾರ್ಫರಿನ್ ತಗೊಳ್ಳುವವರು ಮೈಕೋನಜೋಲ್ ಬಾಯಿ ಜೆಲ್ ಕೂಡ ಕೇಳದೆ ಹಚ್ಚಬಾರದು.

ಸೆಟ್ಟು ರಾತ್ರಿ ತೆಗೆಯಲೇಬೇಕು, ಇದರಲ್ಲಿ ರಾಜಿ ಇಲ್ಲ. ಹಲ್ಲುಪುಡಿ ನಿಲ್ಲಿಸಿ, ಅದು ಗೀರು ಹಾಕುತ್ತದೆ, ಗೀರಲ್ಲಿ ಏನಾಗುತ್ತದೆ ಅಂತ ಮೇಡಂ ನೇರಳೆ ಬಣ್ಣದಲ್ಲಿ ತೋರಿಸಿದ್ದಾರೆ. ಮೆತ್ತಗಿನ ಬ್ರಷ್ಷು, ಸೋಪಿನ ನೀರು, ಒಳಮೈ ಅಂದರೆ ಅಂಗುಳಿಗೆ ತಾಗುವ ಮೈ ಚೆನ್ನಾಗಿ ಉಜ್ಜಿ. ಎಲ್ಲರೂ ಹೊರಗಿನ ಹಲ್ಲು ಫಳಫಳ ಉಜ್ಜುತ್ತಾರೆ, ಒಳಮೈ ಮರೆಯುತ್ತಾರೆ. ಬಕೆಟ್ಟಿನಲ್ಲಿ ನೀರು ತುಂಬಿಸಿ ಅದರ ಮೇಲೆ ಉಜ್ಜಿ, ಕೈಜಾರಿ ಬಿದ್ದರೂ ಒಡೆಯುವುದಿಲ್ಲ. ಕುದಿಯುವ ನೀರು ಬೇಡ, ಆಕಾರ ಕೆಡುತ್ತದೆ. ರಾತ್ರಿ ತಣ್ಣೀರಲ್ಲಿ ಮುಳುಗಿಸಿಡಿ. ಕ್ಲೋರ್‌ಹೆಕ್ಸಿಡಿನ್ ಅನ್ನುವ ಕ್ರಿಮಿನಾಶಕ ದ್ರವದಲ್ಲಿ ನೆನೆಸಲು ಡಾಕ್ಟರ್ ಹೇಳಿದರೆ ಮಾಡಿ, ಆದರೆ ಅದೂ ನಿಸ್ಟಾಟಿನ್ನೂ ಒಟ್ಟಿಗೆ ಬಾಯಲ್ಲಿ ಬೇಡ, ಒಂದನ್ನೊಂದು ಕೆಡಿಸುತ್ತವೆ. ಬಾಯಿಗೆ ಔಷಧಿ ಕೊಟ್ಟಾಗ ಸೆಟ್ಟು ತೆಗೆದು ಹಚ್ಚಬೇಕು, ಸೆಟ್ಟಿನ ಒಳಮೈಗೂ ಹಚ್ಚಬೇಕು. ಮತ್ತೆ ಹನ್ನೊಂದು ವರ್ಷದ ಸೆಟ್ಟು ಸಡಿಲ ಆಗಿರುತ್ತದೆ, ಕೆಳಗಿನ ಮುಖ ಕುಗ್ಗಿ ಕಟವಾಯಿ ಮಡಿಚಿ ಅಲ್ಲಿ ಎಂಜಲು ನಿಲ್ಲುತ್ತದೆ, ಸೀಳುವುದು ಅದಕ್ಕೂ ಹೌದು. ಹೊಸದು ಮಾಡಿಸುವ ಯೋಚನೆ ಮಾಡಿ.

ಅಜ್ಜಿ ಒಪ್ಪದಿದ್ದರೆ ಇದನ್ನು ಹೇಳಿ. ಜಪಾನಿನಲ್ಲಿ 85 ದಾಟಿದವರನ್ನು ಮೂರು ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದರು. ರಾತ್ರಿ ಸೆಟ್ಟು ಹಾಕಿಕೊಂಡೇ ಮಲಗುವವರಿಗೆ ನ್ಯುಮೋನಿಯಾ ಅಪಾಯ ಎರಡು ಪಟ್ಟಿಗಿಂತ ಜಾಸ್ತಿ ಇತ್ತು. ನಿದ್ದೆಯಲ್ಲಿ ಆ ಲೋಳೆ ಸ್ವಲ್ಪ ಸ್ವಲ್ಪ ಉಸಿರಿನ ದಾರಿಗೆ ಜಾರುತ್ತದೆ ಅನ್ನುವುದು ಊಹೆ.

ಅಣ್ಣನ ಮಗನ ವಿಷಯ ನನ್ನ ಹೊಟ್ಟೆ ಉರಿಸುವ ವಿಷಯ. ಹಲ್ಲು ಹುಳುಕು ಬ್ಯಾಕ್ಟೀರಿಯಾ ಕೆಲಸ ಅಂತಲೇ ನಾವು ಓದಿದ್ದು, ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್. ಪುಟ್ಟ ಮಕ್ಕಳ ಜೋರು ಹುಳುಕಿನಲ್ಲಿ ಅದರ ಜೊತೆ ಕ್ಯಾಂಡಿಡಾ ಕೂಡ ಸಿಗುತ್ತದೆ. ಮ್ಯೂಟನ್ಸ್ ಬಿಡುವ ಕಿಣ್ವ ಯೀಸ್ಟಿನ ಮೈಗೆ ಹೋಗಿ ಕೂತು ಸಕ್ಕರೆಯನ್ನು ಅಂಟು ಮಾಡುತ್ತದೆ, ಆ ಅಂಟಿನಲ್ಲಿ ಇಬ್ಬರೂ ಸೇರಿ ಮನೆ ಕಟ್ಟುತ್ತಾರೆ. 2022ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ದಂತ ಕಾಲೇಜಿನವರು ಹುಳುಕು ಹಲ್ಲಿನ ಮಕ್ಕಳ ಎಂಜಲಲ್ಲೇ ಈ ಜೋಡಿ ಗುಂಪುಗಳನ್ನು ನೋಡಿದರು. ಯೀಸ್ಟಿನ ಬಾಲಗಳು ಕಾಲಿನ ಹಾಗೆ ಮುಂದೆ ಚಾಚುತ್ತಾ, ಮೈಮೇಲೆ ಬ್ಯಾಕ್ಟೀರಿಯಾ ಹೊತ್ತುಕೊಂಡು ಇಡೀ ಗುಂಪು ಹಲ್ಲಿನಂಥ ಮೇಲ್ಮೈಯಲ್ಲಿ ಸರಿದು ಹೋಗುತ್ತದೆ, ಕೆಲವೊಮ್ಮೆ ನೆಗೆಯುತ್ತದೆ ಕೂಡ. ತಾನೇ ನಡೆಯಲು ಬರದ ಬ್ಯಾಕ್ಟೀರಿಯಾ, ಹೆಗಲ ಮೇಲೆ ಕೂತು ಜಾತ್ರೆಗೆ ಹೋದ ಹಾಗೆ. ಅವರಿಗೆ ದಿನಾ ರಾತ್ರಿ ಸಕ್ಕರೆ ಹಾಲು ಸರಬರಾಜು ಮಾಡುತ್ತಿರುವುದು ನಿಮ್ಮ ಅತ್ತಿಗೆ. ಮಲಗುವಾಗ ಬಾಟಲಿ ಬಂದ್, ನೀರು ಮಾತ್ರ. ಫ್ಲೋರೈಡ್ ಇರುವ ಪೇಸ್ಟು ಬಟಾಣಿ ಕಾಳಿನಷ್ಟು, ದಿನಕ್ಕೆ ಎರಡು ಸಲ, ದೊಡ್ಡವರೇ ಉಜ್ಜಬೇಕು. ಹಾಲುಹಲ್ಲು ಹೇಗೂ ಬಿದ್ದುಹೋಗುತ್ತದೆ ಅನ್ನಬೇಡಿ, ಕರೆದುಕೊಂಡು ಹೋಗಿ ತೋರಿಸಿ.

ಪಾಪುಗೆ ಬಾಟಲಿ, ನಿಪ್ಪಲ್ ಬಳಸುತ್ತಿದ್ದರೆ ದಿನಾ ಕುದಿಸಿ. ಬಜೆ ತೇಯುವ ಕಲ್ಲು, ಬೆರಳು ಚೀಪಿಸುವುದು ಎಲ್ಲ ನಿಲ್ಲಲಿ. ನಿಮ್ಮ ಮೊಲೆತೊಟ್ಟು ಕೆಂಪಾಗಿ ಉರಿ ಇದ್ದರೆ ನಿಮಗೂ ಔಷಧಿ ಬೇಕು, ಇಲ್ಲದಿದ್ದರೆ ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ಚೆಂಡಾಟ. ಎದೆಹಾಲು ನಿಲ್ಲಿಸಬೇಡಿ. ಹಾಲು ಕುಡಿಯುವುದನ್ನೇ ಬಿಟ್ಟರೆ, ಜ್ವರ ಬಂದರೆ ಕಾಯಬೇಡಿ.

ಅಜ್ಜಿ ಕೈ ತೊಳೆದುಕೊಂಡು ಮಗು ಎತ್ತಿಕೊಳ್ಳಲಿ. ತುಟಿಗೆ ಮುತ್ತು ಬೇಡ, ಪಾದಕ್ಕೆ ಕೊಡಲಿ.

ಸರೋಜಕ್ಕ:

ಬಿಳಿಗಾರ ವಿಷಯ ಗೊತ್ತಿರಲಿಲ್ಲಪ್ಪ. ನಮ್ಮತ್ತೆ ಹೇಳಿಕೊಟ್ಟದ್ದು ನಾನು ಹೇಳಿದೆ. ಸೊಸೆಗೂ ಹೇಳಿದ್ದೆ, ಈಗಲೇ ಫೋನ್ ಮಾಡಿ ಬೇಡ ಅನ್ನುತ್ತೇನೆ. ಅಂದಹಾಗೆ ನಾನೂ ಸೆಟ್ಟು ಹಾಕಿಕೊಂಡೇ ಮಲಗುವುದು.

ಬಾಣಂತಿ ಕೋಣೆ:

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಪಾಪು ಬಾಯಿ ಕ್ಲೀನ್ ಆಗಿದೆ, ಈ ಸಲ ಬಿಳಿ ಹೋದ ಮೇಲೂ ಡ್ರಾಪ್ಸ್ ಹಾಕಿದೆ, ಮತ್ತೆ ಬಂದಿಲ್ಲ. ನನಗೂ ಹಚ್ಚಲು ಕೊಟ್ಟಿದ್ದರು. ಅಜ್ಜಿಯ ಶುಗರ್ ಊಟದ ಮೊದಲೇ 240 ಇತ್ತು, ಮಾತ್ರೆ ಬದಲಾಯಿಸಿದ್ದಾರೆ. ಅಂಗುಳು ಗುಲಾಬಿ ಬಣ್ಣಕ್ಕೆ ಬರುತ್ತಿದೆ, ಒಂದು ಕಡೆ ಇನ್ನೂ ಕೆಂಪಿದೆ. ಹೊಸ ಸೆಟ್ಟಿಗೆ ಅಳತೆ ಕೊಟ್ಟು ಬಂದೆವು.

ಸೆಟ್ಟು ತೆಗೆಸಿದ್ದು ಮಾತ್ರ ಸುಲಭಕ್ಕೆ ಆಗಲಿಲ್ಲ. ನ್ಯುಮೋನಿಯಾ, ಜಪಾನು ಎಲ್ಲ ಹೇಳಿದೆ, ಜಪಾನಿನವರು ಅಡಿಕೆ ತಿನ್ನುತ್ತಾರಾ ಅಂತ ಕೇಳಿದರು. ಕೊನೆಗೆ ಅಮ್ಮನೇ ಹೋಗಿ, ಸೆಟ್ಟು ಬಿಚ್ಚಿಟ್ಟರೆ ರಾತ್ರಿ ಪಾಪು ನಿಮ್ಮ ಪಕ್ಕದಲ್ಲೇ ಆಡಿಕೊಂಡಿರಲಿ ಅಂದರು. ಆವತ್ತಿನಿಂದ ಏಳೂವರೆಗೇ ಊಟ ಮುಗಿಸಿ ಸೆಟ್ಟು ಬಿಚ್ಚಿ ಸ್ಟೀಲ್ ಲೋಟಕ್ಕೆ ಹಾಕಿಬಿಡುತ್ತಾರೆ. ಮೊನ್ನೆ ಕರೆಂಟ್ ಇರಲಿಲ್ಲ, ಅಪ್ಪ ಇನ್ಹೇಲರ್ ಎಳೆದು ಬಾಯಿ ಮುಕ್ಕಳಿಸಲು ಕತ್ತಲಲ್ಲಿ ಕೈಗೆ ಸಿಕ್ಕ ಲೋಟ ಎತ್ತಿದರು. ಈಗ ಅಜ್ಜಿ ಸೆಟ್ಟಿಗೆ ಮುಚ್ಚಳ ಇರುವ ಡಬ್ಬ ತಂದಿದ್ದೇವೆ, ಕೆಂಪು ಬಣ್ಣದ್ದು.